ಗೇಣುದ್ದದ ಗರುಡ, ಆಳೆತ್ತರದ ದ್ಯಾಮವ್ವ

ಕಿನ್ನಾಳ ಎಂದೊಡನೆ ಪೇಟೆಯವರ ಕಣ್ಣಿಗೆ ಕಟ್ಟುವುದು ಶೋಕೇಸಿನೊಳಗಿನ ಬಣ್ಣದ ಗೊಂಬೆ. ಕೊಪ್ಪಳದಿಂದ ಗಾಡಿ ಹತ್ತಿದರೆ ಅರ್ಧ ತಾಸಿನೊಳಗೆ ಸಿಗುವ ಈ ಊರಿನ ಚಿತ್ರಗಾರ ಮನೆತನಗಳು ಮಾಡುವ ಗರುಡ, ಗಣಪತಿ, ಆನೆ, ಗಿಳಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಯವರಿಗೆ ಚಿತ್ರಗಾರ ಎಂದರೆ ಮೊದಲು ನೆನಪಾಗುವುದು ಗೊಂಬೆಯಲ್ಲ, ದೇವಿ. ಗ್ರಾಮದೇವತೆಯ ಮರದ ಮೂರ್ತಿ, ಉತ್ಸವದ ವಾಹನ, ಮದುವೆಯ ಮಣೆ, ತೊಟ್ಟಿಲು, ಪಲ್ಲಕ್ಕಿ ಇವೆಲ್ಲ ಚಿತ್ರಗಾರರ ಕೈಕೆಲಸವೇ. ಗೇಣುದ್ದದ ಗರುಡನಿಗೆ ಬಣ್ಣ ಹಚ್ಚಿದ ಕೈಯೇ ಆಳೆತ್ತರದ ದ್ಯಾಮವ್ವನಿಗೂ ಬಣ್ಣ ಹಚ್ಚುತ್ತದೆ. ಕಿನ್ನಾಳದ ಬಗ್ಗೆ ಬರೆದವರು ಈ ಎರಡನ್ನೂ ಹೆಸರಿಸುತ್ತಾರೆ. ಎರಡರ ನಡುವೆ ಏನು ನಡೆಯುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಕಿನ್ನಾಳದ ಹೆಚ್ಚುಗಾರಿಕೆ ಇರುವುದು ಗೊಂಬೆಯಲ್ಲೂ ಅಲ್ಲ, ದೇವಿಯಲ್ಲೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗಿಬರುವ ಆ ಓಡಾಟದಲ್ಲಿ. ಓಡಾಟ ನಿಂತರೆ ಉಳಿಯುವುದು ಬರೀ ಸರಕು.

ಇದನ್ನು ತೋರಿಸಲು ಕೆಲಸದ ಒಳಗೆ ಸ್ವಲ್ಪ ಇಳಿಯಬೇಕು. ಚನ್ನಪಟ್ಟಣದಲ್ಲಿ ಮರವನ್ನು ಯಂತ್ರಕ್ಕೆ ಕೊಟ್ಟು ತಿರುಗಿಸುತ್ತಲೇ ಅರಗು ಹಿಡಿಸುತ್ತಾರೆ. ಅಲ್ಲಿ ಮರವೇ ಗೊಂಬೆಯ ಮೈ. ಕಿನ್ನಾಳದಲ್ಲಿ ಮರ ಬರೀ ಎಲುಬು. ಹಗುರವಾದ ಪೊಳಕಿ ಮರವನ್ನು ಬಿಡಿಬಿಡಿಯಾಗಿ ಕೆತ್ತುತ್ತಾರೆ. ಒಂದು ಗರುಡನಿಗೆ 12 ಭಾಗ, ಪೀಠದ ಮೇಲೆ ಕುಳಿತ ಗಣಪತಿಗೆ 22 ಭಾಗ ಎಂಬುದು ರೂಢಿಯ ಲೆಕ್ಕ. ಅವನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿದ ಮೇಲೆ ಬರುವುದು ಕಿಟ್ಟ. ಸೆಣಬಿನ ಚಿಂದಿಯನ್ನು ನೆನೆಹಾಕಿ, ಸಣ್ಣಗೆ ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ನಾದಿದ ಮುದ್ದೆ ಅದು. ಅದನ್ನು ಕೈಯಿಂದಲೇ ಮೈತುಂಬ ಮೆತ್ತಿ, ಮೇಲೆ ಹತ್ತಿ ಬಟ್ಟೆಯ ತುಂಡುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಸರಿ ಬಳಿಯುತ್ತಾರೆ. ಬಣ್ಣ ಕೂರುವುದು ಈ ಬಿಳಿ ನೆಲದ ಮೇಲೆ. ಒಡವೆಗಳನ್ನು ಕೆತ್ತುವುದಿಲ್ಲ: ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಹನಿ ಹನಿಯಾಗಿ ಮೈಮೇಲೆ ಏಳಿಸುತ್ತಾರೆ, ಸರದ ಒಂದೊಂದು ಗುಂಡೂ ಹೀಗೆ ಎದ್ದು ನಿಂತದ್ದು. ಹೊಳಪಿಗೆ ಲಾಜವಾರ: ತವರದ ಪುಡಿಯನ್ನು ಅಂಟಿನಲ್ಲಿ ಬೆರೆಸಿ ಹಚ್ಚಿ, ನುಣುಪು ಕಲ್ಲಿನಿಂದ ತಿಕ್ಕಿದರೆ ಬೆಳ್ಳಿಯಂತೆ ಮಿನುಗುತ್ತದೆ, ಮೇಲೆ ತೆಳುವಾದ ಹಳದಿ ಎಳೆದರೆ ಅದೇ ಬಂಗಾರದ ಬಣ್ಣಕ್ಕೆ ತಿರುಗುತ್ತದೆ.

ಇಷ್ಟು ಹೇಳಿದರೆ ಗೊಂಬೆ ಮಾಡುವ ಕ್ರಮ ಹೇಳಿದಂತಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಈ ಕ್ರಮದ ಒಂದೊಂದು ಹಂತಕ್ಕೂ ಕಾರಣ ಸಿಗುವುದು ದೊಡ್ಡ ಮೂರ್ತಿಯಲ್ಲಿ. ಲೆಕ್ಕ ಸರಳವಾಗಿದೆ. ಅರ್ಧ ಅಡಿಯ ಗೊಂಬೆಯನ್ನು ಅದೇ ರೂಪದಲ್ಲಿ ಆರಡಿಗೆ ಬೆಳೆಸಿದರೆ ಎತ್ತರ 12 ಪಟ್ಟು. ಬಣ್ಣ ಹಚ್ಚಬೇಕಾದ ಮೈ 144 ಪಟ್ಟು. ತೂಕ 1,728 ಪಟ್ಟು. ಗಟ್ಟಿ ಮರದಲ್ಲಿ ಕಡೆದ ಅಂಥ ವಾಹನವನ್ನು ಹೆಗಲ ಮೇಲೆ ಹೊತ್ತು ಊರು ಸುತ್ತುವುದು ಯಾರಿಂದಾದೀತು? ದೊಡ್ಡ ದಿಮ್ಮಿ ನಮ್ಮ ಬಿಸಿಲಿಗೆ ಸೀಳುತ್ತದೆ ಕೂಡ. ಹಗುರ ಮರ, ಬಿಡಿ ಭಾಗಗಳ ಜೋಡಣೆ, ಬಿರುಕು ಬಾಯಿ ಬಿಡದಂತೆ ಹಿಡಿಯುವ ಬಟ್ಟೆಯ ಪದರ ಇವೆಲ್ಲ ಹೊತ್ತು ಮೆರೆಸುವ ದೇವರಿಗೆ ಬೇಕೇಬೇಕಾದ ಉಪಾಯಗಳು. ಅಂಗೈಯಲ್ಲಿ ಕೂರುವ ಗಿಳಿಗೆ ಇವುಗಳಲ್ಲಿ ಅರ್ಧದಷ್ಟೂ ಬೇಕಿಲ್ಲ. ಒಂದೇ ಮರದ ತುಂಡು ಸಾಕು. ಆದರೂ ಕಿನ್ನಾಳದ ಗಿಳಿ ಇದೇ ದಾರಿಯಲ್ಲಿ ಹುಟ್ಟುತ್ತದೆ. ದೊಡ್ಡದಕ್ಕೆ ಬಳಕೆಯಾದ ಬುದ್ಧಿ ಸಣ್ಣದರ ಮೈಯೊಳಗೂ ಅಡಗಿದೆ ಎಂದಾಯಿತು.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದೂ ಅಲ್ಲ. ಗೇಣುದ್ದದ ಗರುಡನ ಎದೆಯ ಸರ ಎಳ್ಳಿನಷ್ಟು ಚುಕ್ಕಿಗಳದ್ದು. ಸರಿ ತುಸು ತೆಳುವಾದರೆ ಹರಿಯುತ್ತದೆ, ಗಟ್ಟಿಯಾದರೆ ಬಾಲ ಎಳೆಯುತ್ತದೆ, ಹನಿ ಒಂದು ಕೂದಲೆಳೆ ಆಚೆ ಬಿದ್ದರೂ ಇಡೀ ಸಾಲು ಕೆಟ್ಟಂತೆ ಕಾಣುತ್ತದೆ. ಸಣ್ಣ ಕೆಲಸದಲ್ಲಿ ತಪ್ಪು ಮುಚ್ಚಿಕೊಳ್ಳಲು ಜಾಗವಿಲ್ಲ. ಹಾಗಾಗಿ ಸರಿಯ ಹದ, ಕುಂಚದ ತುದಿಯ ಮೇಲಿನ ಹಿಡಿತ ಕಲಿಯುವುದು ಇಲ್ಲೇ. ಗೊಂಬೆ ಕಲಿಯುವವರಿಗೆ, ದೇವಿ ಬಲ್ಲವರಿಗೆ ಎಂದು ಮೆಟ್ಟಿಲು ಕಟ್ಟುವುದು ಈ ಕಾರಣಕ್ಕೆ ಸರಿಯಲ್ಲ. ಒಂದು ಮಣಿಕಟ್ಟಿನ ಕೆಲಸ, ಇನ್ನೊಂದು ಭುಜದ ಕೆಲಸ. ಎಣ್ಣೆಬಣ್ಣದ ಕಲಾವಿದರಿಗೂ ಈ ವ್ಯತ್ಯಾಸ ಗೊತ್ತು: ಹೂಜಿ, ಹಣ್ಣುಗಳ ಸಣ್ಣ ಚಿತ್ರವನ್ನು ಕೂತಲ್ಲೇ ಬರೆಯಬಹುದು, ಆಳೆತ್ತರದ ಕ್ಯಾನ್ವಾಸಿನ ಮುಂದೆ ನಿಂತು ಬರೆದು, ಹಿಂದೆ ಸರಿದು ನೋಡಿ, ಮತ್ತೆ ಹತ್ತಿರ ಹೋಗಬೇಕು. ಇಟಲಿಯ ಜಾರ್ಜಿಯೊ ಮೊರಾಂಡಿ ಜೀವಮಾನದ ಬಹುಭಾಗವನ್ನು ಸಣ್ಣ ಕ್ಯಾನ್ವಾಸುಗಳ ಮೇಲಿನ ಶೀಶೆ, ಬಟ್ಟಲುಗಳಿಗೇ ಮುಡಿಪಿಟ್ಟ. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರಿನ ಹಾಳೆಗೂ ಬರೆದರು, ಪುರಾಣದ ದೊಡ್ಡ ಕ್ಯಾನ್ವಾಸುಗಳನ್ನೂ ತುಂಬಿದರು. ಮೊರಾಂಡಿಯ ದಾರಿ ಅವನಿಗೆ ಒಗ್ಗಿತು. ಒಂದು ಊರಿನ ಕಸುಬಿಗೆ ಅದು ಒಗ್ಗದು. ಕಸುಬು ಪಂಡಿತರಂತೆ ಎರಡೂ ಕಡೆ ಕಾಲಿಟ್ಟೇ ಬಾಳಬೇಕು.

ಸಣ್ಣದನ್ನು ದೊಡ್ಡದು ಮಾಡುವುದಕ್ಕೆ ನಮ್ಮ ಶಿಲ್ಪಶಾಸ್ತ್ರದಲ್ಲಿ ತಾಳಮಾನವೆಂಬ ಅಳತೆಯ ಕ್ರಮವಿದೆಯಲ್ಲ, ಅದನ್ನು ಹಿಡಿದರೆ ಸಾಕಲ್ಲ ಎಂದು ಕೇಳಬಹುದು. ತಾಳಮಾನ ನಿಜಕ್ಕೂ ಬೆರಗಿನ ಏರ್ಪಾಡು. ಅದರ ಅಂಗುಲ ಅಂಗಡಿಯ ಅಳತೆಪಟ್ಟಿಯಿಂದ ಬರುವುದಿಲ್ಲ, ಮೂರ್ತಿಯ ಎತ್ತರವನ್ನೇ ಭಾಗಿಸಿದಾಗ ಬರುತ್ತದೆ. ನವತಾಳದ ಮೂರ್ತಿ ಎಷ್ಟೇ ಎತ್ತರವಿರಲಿ 108 ಅಂಗುಲವೇ. ಗಣಪತಿ ಎಷ್ಟೇ ಗಿಡ್ಡನಿರಲಿ ಪಂಚತಾಳದವನೇ. ಅಳತೆ ಹೀಗೆ ಮೂರ್ತಿಯ ಮೈಯಿಂದಲೇ ಹುಟ್ಟುವುದರಿಂದ ಸಣ್ಣದು ದೊಡ್ಡದಾಗಲು ಅಡ್ಡಿಯಿಲ್ಲ. ಆದರೆ ತಾಳಮಾನ ಮೂರ್ತಿಯನ್ನಷ್ಟೇ ಅಳೆಯುತ್ತದೆ, ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಅಳೆಯುವುದಿಲ್ಲ. ಗೊಂಬೆಯನ್ನು ನಾವು ಕೈಯಲ್ಲಿ ಹಿಡಿದು ಮೇಲಿನಿಂದ ನೋಡುತ್ತೇವೆ. ದ್ಯಾಮವ್ವನನ್ನು ಜಾತ್ರೆಯ ನೂಕುನುಗ್ಗಲಿನಲ್ಲಿ, ದೂರದಿಂದ, ಕೆಳಗಿನಿಂದ ನೋಡುತ್ತೇವೆ. ಗೊಂಬೆಯ ಕಣ್ಣನ್ನು ಲೆಕ್ಕದಂತೆ ಹಿಗ್ಗಿಸಿ ಅಲ್ಲಿಟ್ಟರೆ ಆ ಕಣ್ಣು ಜನರನ್ನು ಮುಟ್ಟುವುದಿಲ್ಲ. ಅದಕ್ಕೇ ದೇವಿಯ ಕಣ್ಣು ಅಗಲ, ಬಿಳಿ ಹೆಚ್ಚು, ಅಂಚಿನ ಕಪ್ಪು ದಪ್ಪ. ಗೊಂಬೆಯ ಕೊರಳಲ್ಲಿ ಹತ್ತಾರು ಗುಂಡುಗಳಾಗಿದ್ದ ಸರ ಇಲ್ಲಿ ಒಂದೇ ದಪ್ಪ ಪಟ್ಟಿಯಾಗಬಹುದು. ಯಾವುದನ್ನು ಹಿಗ್ಗಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಶಾಸ್ತ್ರದ ಪುಟದಲ್ಲಿ ಸಿಗದು. ಎರಡೂ ಅಳತೆಯಲ್ಲಿ ಪಳಗಿದವರಿಗೆ ಮಾತ್ರ ಅದು ದಕ್ಕುತ್ತದೆ.

ದೊಡ್ಡದಕ್ಕೆ ಹೋಗುವ ಇನ್ನೊಂದು ದಾರಿಯೂ ಉಂಟು, ಅದು ಹಂಪಿಯಲ್ಲಿ ಕಾಣುತ್ತದೆ. ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಮೇಲ್ಛಾವಣಿ ತುಂಬ ಚಿತ್ರಗಳಿವೆ: ಗಿರಿಜಾ ಕಲ್ಯಾಣ, ದಶಾವತಾರ, ಅರ್ಜುನನ ಮತ್ಸ್ಯಯಂತ್ರ ಭೇದನ, ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ. ಛಾವಣಿ ವಿಶಾಲವಾದದ್ದು, ಆಕೃತಿಗಳು ಸಣ್ಣವು. ದೊಡ್ಡ ಜಾಗವನ್ನು ಒಬ್ಬ ದೊಡ್ಡ ದೇವರಿಂದ ತುಂಬುವ ಬದಲು ಚೌಕ, ಪಟ್ಟಿಗಳಾಗಿ ಒಡೆದು, ಒಂದೊಂದರಲ್ಲೂ ಗೊಂಬೆಗಳ ಸಾಲು ನಿಲ್ಲಿಸಿದಂತೆ ಬರೆದಿದ್ದಾರೆ. ಗಂಗಾವತಿ ಸೀಮೆಯ ಆನೆಗುಂದಿಯಲ್ಲಿ ಹುಚ್ಚಪ್ಪಯ್ಯ ಮಠದ ಛಾವಣಿಗೆ ಕತ್ತೆತ್ತಿದರೆ ಇನ್ನೂ ಚತುರ ಉಪಾಯ: ಹೆಣ್ಣುಗಳ ಮೈಗಳನ್ನೇ ಹೆಣೆದು ಆನೆಯೊಂದನ್ನು ಮಾಡಿದ್ದಾರೆ, ಸಣ್ಣವು ಕೂಡಿ ದೊಡ್ಡದಾದದ್ದು ಕಣ್ಣೆದುರೇ ಕಾಣುತ್ತದೆ.

ಹಂಪಿಯ ಆ ಛಾವಣಿಗೂ ಅಲ್ಲಿನ ತೇರಿಗೂ ಬಣ್ಣ ಹಚ್ಚಿದವರು ಕಿನ್ನಾಳದವರ ಹಿರೀಕರೇ, ವಿಜಯನಗರ ಸೋತ 1565ರ ಯುದ್ಧದ ಬಳಿಕ ಅವರು ಚದುರಿ ಬಂದರು ಎಂಬ ಮಾತು ಈ ಭಾಗದಲ್ಲಿ ಗಟ್ಟಿಯಾಗಿದೆ. ಮಂಟಪ 1510ರ ಸುಮಾರಿಗೆ ಕೃಷ್ಣದೇವರಾಯ ಕಟ್ಟಿಸಿದ್ದು. ಚಿತ್ರಗಳು ಮಾತ್ರ ಅಷ್ಟು ಹಳೆಯವಲ್ಲ, ಎಷ್ಟೋ ಈಚಿನವು ಎನ್ನುವ ವಿದ್ವಾಂಸರಿದ್ದಾರೆ. ಅವರು ಹೇಳುವುದೇ ನಿಜವಾದರೆ ಕಿನ್ನಾಳದ ಹಿರಿಮೆಗೆ ಕುಂದು ಬರುತ್ತದೆಯೇ? ಬರುವುದಿಲ್ಲ. ವಂಶಾವಳಿ ಸಾಬೀತಾಗದಿದ್ದರೂ ಗೊಂಬೆ, ಮಣೆ, ಪಲ್ಲಕ್ಕಿ, ಛಾವಣಿಗಳಲ್ಲಿ ಒಂದೇ ಬಗೆಯ ಗೆರೆ, ಒಂದೇ ಬಗೆಯ ತುಂಬುಬಣ್ಣ ಓಡಾಡಿದ ನಾಡು ಇದು ಎಂಬುದಕ್ಕೆ ಕಣ್ಣೇ ಸಾಕ್ಷಿ. ವಿಜಯನಗರದ ಹೆಸರು ಹೇಳಿ ಗೊಂಬೆ ಮಾರುವುದಕ್ಕಿಂತ ಇಂದು ಅಲ್ಲಿ ನಡೆಯುತ್ತಿರುವ ಕೆಲಸವನ್ನು ನೆಟ್ಟಗೆ ನೋಡುವುದು ಹೆಚ್ಚಿನ ಗೌರವ.

ಹೊಟ್ಟೆ ತುಂಬಿಸುವುದು ಸಣ್ಣ ಗೊಂಬೆ ತಾನೆ ಎನ್ನುವವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ದೇವಿಯ ಜಾತ್ರೆ ಹಲವು ಊರುಗಳಲ್ಲಿ ವರ್ಷಗಟ್ಟಲೆ ಬಿಟ್ಟು ಬರುತ್ತದೆ. ಗೊಂಬೆಗೆ ಗಿರಾಕಿ ವರ್ಷವಿಡೀ ಉಂಟು, ಹಬ್ಬದ ಹೊತ್ತಿಗೆ ಗಣಪತಿ ಬೇರೆ. ನಿಜ. ಆದರೆ ಗೊಂಬೆಯೊಂದನ್ನೇ ನೆಚ್ಚಿದ ಕಸುಬಿನ ಗತಿಯನ್ನೂ ಯೋಚಿಸಬೇಕು. ಸನ್ಮಾನದ ಕಾಣಿಕೆಗೆಂದು ಒಂದೇ ಅಳತೆಯ ನೂರು ಗಣಪತಿ ಬೇಕು ಎಂದಾಗ ಮೊದಲು ಕೈಬಿಡುವುದು ಕಿಟ್ಟದ ಪದರ, ಆಮೇಲೆ ಲಾಜವಾರ, ಕೊನೆಗೆ ಎದ್ದ ಒಡವೆಯ ಬದಲು ಬಣ್ಣದ ಗೆರೆ. ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಬೆಲೆ ಮಾತ್ರ ತಿಳಿಯುತ್ತದೆ. ಹೊತ್ತು ಮೆರೆಸುವ ದೇವರಲ್ಲಿ ಹೀಗೆ ಪದರ ಬಿಟ್ಟರೆ ಮೊದಲ ಜಾತ್ರೆಗೇ ಬಿರುಕು ಕಾಣುತ್ತದೆ, ಊರಿಗೆ ಊರೇ ಕೇಳುತ್ತದೆ. ಕಸುಬನ್ನು ಒರೆಗೆ ಹಚ್ಚುವ ಕಲ್ಲು ದೊಡ್ಡ ಕೆಲಸವೇ.

ದೊಡ್ಡ ಮೂರ್ತಿಗೆ ಈಗ ಫೈಬರ್ ಇದೆಯಲ್ಲ, ಹಗುರ, ಅಗ್ಗ ಎಂಬ ಮಾತೂ ಬರುತ್ತದೆ. ಕಮಾನಿನ ಮೇಲೆ ಕೂರಿಸುವ ಅಲಂಕಾರಕ್ಕೆ ಅದು ಸಾಲಬಹುದು. ಗ್ರಾಮದೇವತೆಯ ಸಂಗತಿ ಬೇರೆ. ಶಿರಸಿಯ ಮಾರಿಕಾಂಬೆಯ ಏಳಡಿಯ ಮರದ ಮೂರ್ತಿಯನ್ನೇ ನೋಡಿ: ಎರಡು ವರ್ಷಕ್ಕೊಮ್ಮೆ ಜಾತ್ರೆ, ಅದಕ್ಕೆ ಮುನ್ನ ಹಳೆ ಬಣ್ಣ ಹೋಗಿ ಹೊಸ ಬಣ್ಣ ಬರಬೇಕು. ಬಯಲುಸೀಮೆಯ ದ್ಯಾಮವ್ವ, ದುರ್ಗವ್ವರಿಗೂ ಜಾತ್ರೆಯ ಮುಂಚೆ ಬಣ್ಣವಾಗಬೇಕು, ಕಣ್ಣು ಬರೆಯಬೇಕು. ಮತ್ತೆ ಮತ್ತೆ ಹೊಸದಾಗುವುದೇ ಆ ಮೂರ್ತಿಯ ಬಾಳು. ಸಂದು ಬಿಟ್ಟಲ್ಲಿ ಅಂಟು ತುಂಬಿ, ಬಟ್ಟೆ ಅಂಟಿಸಿ, ಸರಿ ಬಳಿದು ರಿಪೇರಿ ಮಾಡಲು ಬರುವ ಮೈ ಅದಕ್ಕೆ ಬೇಕು, ಮಾಡಲು ಬಲ್ಲ ಮನೆತನವೂ ಬೇಕು.

ಹಾಗಾಗಿ ಕಿನ್ನಾಳಕ್ಕೆ ನೆರವು ಎಂದರೆ ಮೇಳದಲ್ಲಿ ಮಳಿಗೆ, ತರಬೇತಿಯಲ್ಲಿ ಸಣ್ಣ ಗೊಂಬೆ ಎಂಬಲ್ಲಿಗೇ ನಿಲ್ಲಬಾರದು. ಧಾರ್ಮಿಕ ದತ್ತಿ ಇಲಾಖೆಯ ಕೈಕೆಳಗಿನ ದೇವಸ್ಥಾನಗಳಲ್ಲಿ ಹಳೆಯ ಮರದ ವಾಹನಗಳಿವೆ, ಅವುಗಳ ಬಣ್ಣ ಆಗಾಗ ಹೊಸದಾಗಬೇಕು. ಆ ಕೆಲಸ ಪೇಂಟು ಡಬ್ಬಿ ಹಿಡಿದು ಬಂದ ಗುತ್ತಿಗೆದಾರರ ಪಾಲಾಗದೆ ಚಿತ್ರಗಾರರಿಗೆ, ಅವರ ಜೊತೆ ಕಲಿಯುವ ಇಬ್ಬರು ಹುಡುಗರಿಗೆ ಕೂಲಿ ಸಮೇತ ಸಿಗುವಂತಾಗಲಿ. ನವಲಿ, ಕನಕಗಿರಿ ಕಡೆಯ ಊರಿನ ಹಿರಿಯರು ಜಾತ್ರೆಯ ಲೆಕ್ಕ ಹಾಕುವಾಗ ದೇವಿಯ ಬಣ್ಣವನ್ನು ಕೊನೆಯ ವಾರಕ್ಕೆ ತಳ್ಳದೆ, ತಿಂಗಳುಗಳ ಮುಂಚೆಯೇ ವೀಳ್ಯ ಕೊಟ್ಟು ಕರೆಸಲಿ. ಕಿಟ್ಟ ಒಣಗಲು ಬಿಸಿಲು ಬೇಕು, ಒಣಗಿದ ಮೇಲೆ ಸರಿಗೆ ಮತ್ತಷ್ಟು ದಿನ ಬೇಕು. ಅವಸರದ ಬಣ್ಣ ಹಸಿ ಪದರದ ಮೇಲೆ ನಿಲ್ಲುವುದಿಲ್ಲ.