ಗಾಡಿ ಎತ್ತಲು ಯಾರ ಅಪ್ಪಣೆ?

ಕಡಿಯಾಳಿ: ಮಣಿಪಾಲದ ಬಸ್ಸು ನಿಲ್ಲುವ ಜಾಗದಲ್ಲೇ ಸ್ಕೂಟರು, ಕಾರು ಸಾಲುಗಟ್ಟಿದರೆ ಬಸ್ಸು ನಡುರಸ್ತೆಯಲ್ಲಿ ನಿಲ್ಲಬೇಕು, ಹತ್ತುವವರು ಜೀವ ಕೈಯಲ್ಲಿ ಹಿಡಿದು ಓಡಬೇಕು. ಮಹಿಷಮರ್ದಿನಿ ದೇವಸ್ಥಾನದ ನವರಾತ್ರಿ ಬಂತೆಂದರೆ ಕೇಳುವುದೇ ಬೇಡ. ‘ಅಂಥ ಗಾಡಿ ಎತ್ತಿಕೊಂಡು ಹೋಗಲಿ ಮಾರಾಯ್ರೆ’ ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಆದರೆ ಎತ್ತುವುದಕ್ಕೂ ಒಂದು ಕ್ರಮವಿದೆ.

1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ, ನಿಷೇಧವಿರುವಲ್ಲಿ ನಿಲ್ಲಿಸಿದ ಅಥವಾ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಕಾಲ ಬಿಟ್ಟುಹೋದ ಗಾಡಿಯನ್ನು ಎತ್ತಿಸಬಹುದು. ಅಪ್ಪಣೆ ಕೊಡಬೇಕಾದವರು ಆ ಸರಹದ್ದಿನ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಎತ್ತುವ ಲಾರಿಯ ಹುಡುಗರಲ್ಲ. ಅಂಗಡಿಯವರು ತಾವೇ ಬರೆದು ತೂಗಿದ ‘ನೋ ಪಾರ್ಕಿಂಗ್’ ಹಲಗೆಗೂ ಆ ಬಲವಿಲ್ಲ. ಸಕ್ರಮವಾಗಿ ಎತ್ತಿದ್ದಾದರೆ ಸಾಗಿಸಿದ ಖರ್ಚು, ಮೇಲಿಂದ ದಂಡ, ಎರಡೂ ಮಾಲಕರ ತಲೆಗೇ.

ಬೆಂಗಳೂರಿನಲ್ಲಿ ಕೂಗಿ ಎಚ್ಚರಿಸದೆ ಗಾಡಿ ಎತ್ತುತ್ತಾರೆಂಬ ದೂರುಗಳು ಹೆಚ್ಚಿ, 2022ರ ಫೆಬ್ರವರಿಯಲ್ಲಿ ಸರಕಾರ ಟೋಯಿಂಗನ್ನೇ ತಡೆಹಿಡಿಯಬೇಕಾಯಿತು. ಕ್ರಮ ತಪ್ಪಿದರೆ ಒಳ್ಳೆಯ ಕಾನೂನಿಗೂ ಕೆಟ್ಟ ಹೆಸರು.

ಅಪ್ಪಣೆ ಯಾರದೆಂದು ಕೇಳಿ, ಕೊಟ್ಟ ಹಣಕ್ಕೆ ರಶೀದಿ ಪಡೆಯಿರಿ. ಅದಕ್ಕೂ ಮೊದಲು, ಬಸ್ಸು ನಿಲ್ಲುವ ಜಾಗ ಬಿಟ್ಟುಕೊಡಿ.