ಆ್ಯಪ್‌ಗೆ ಬೇಕಂತಲೇ ತಪ್ಪು ಉತ್ತರ ಕೊಟ್ಟು ನೋಡಿ

ಊರಿಂದ ಫೋನ್ ಬಂದರೆ ಮೊದಲು ಮಳೆ, ಆಮೇಲೆ ಕಾಲುವೆ ನೀರು, ಆಮೇಲೆ ಯಾರದ್ದಾದರೂ ಮದುವೆ ಸುದ್ದಿ. ಈ ಸಲ ಕಾಕಾ ನೇರವಾಗಿ ವಿಷಯಕ್ಕೇ ಬಂದರು. "ಹುಡುಗಿ ಗಣಿತದಾಗ 80ಕ್ಕ 19 ತಗೊಂಡಾಳ. ಅದೇನೋ ಆ್ಯಪ್ ಐತಂತ, 18 ಸಾವಿರ ಅಂತ. ತಿಂಗಳಾ ಕಂತು ಕಟ್ಟಿದ್ರ ನಡೀತದಂತ. ತಗೋಬೇಕೋ ಬ್ಯಾಡೋ, ನೀ ಹೇಳಪಾ."

ನಮ್ಮೂರು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ. ಅಂದರೆ ಆ್ಯಪ್‌ಗಳಲ್ಲಿ ತಪ್ಪು ಹುಡುಕೋದಕ್ಕೇ ನನಗೆ ಸಂಬಳ. ಆದರೂ ಕಾಕಾನ ಪ್ರಶ್ನೆಗೆ ತಟ್ಟನೆ ಉತ್ತರ ಹೇಳೋಕಾಗಲಿಲ್ಲ. ತಂಗಿಗೆ ನರ್ಸಿಂಗ್ ಓದುವ ಆಸೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟರೆ "ಹತ್ತಿ ಬಿಡಿಸಾಕ ಬರಲಿ" ಅನ್ನೋರೂ ಮನೆಯಲ್ಲಿದ್ದಾರೆ, "ಒಂದು ಗಂಡು ನೋಡೂಣು" ಅನ್ನೋರೂ ಇದ್ದಾರೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಲು ಅವಕಾಶ ಇದೆ, ನಿಜ. ಆದರೆ ಮೊದಲನೆಯದರಲ್ಲಿ ಬಿದ್ದ ಹುಡುಗಿಯನ್ನು ಎರಡನೆಯದಕ್ಕೆ ಕೂರಿಸುವಷ್ಟು ತಾಳ್ಮೆ ಎಲ್ಲ ಮನೆಗಳಲ್ಲೂ ಇರಲ್ಲ.

ಹಾಗಾಗಿ ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ಕಾಕಾನ ಫೋನಿಗೆ ಆರು ಆ್ಯಪ್ ಇಳಿಸಿ, ಆಫೀಸಲ್ಲಿ ಮಾಡುವ ಹಾಗೇ ಒಂದೊಂದನ್ನೂ ಪರೀಕ್ಷೆ ಮಾಡಿದೆ. ಪಕ್ಕದಲ್ಲಿ ತಂಗಿ, ಅವಳ ಕೈಯಲ್ಲಿ ಪಠ್ಯಪುಸ್ತಕ.

ಮೊದಲ ಪರೀಕ್ಷೆ ಬಲು ಸರಳ. 4, 9, 14, 19... ಈ ಸಮಾಂತರ ಶ್ರೇಢಿಯ 20ನೇ ಪದ ಯಾವುದು? ಉತ್ತರ 99. ನಾನು ಬೇಕಂತಲೇ 104 ಅಂತ ಒತ್ತಿದೆ. ಇದು ಮಕ್ಕಳು ನಿಜಕ್ಕೂ ಮಾಡುವ ತಪ್ಪು: ಮೊದಲ ಪದದಿಂದ 20ನೇ ಪದಕ್ಕೆ 19 ಹೆಜ್ಜೆ ಅನ್ನೋದನ್ನ ಮರೆತು 20 ಸಲ 5 ಕೂಡಿಸಿಬಿಡ್ತಾರೆ. ಒಂದು ಆ್ಯಪ್ ಕೆಂಪು ಬಣ್ಣ ತೋರಿಸಿ, ಸರಿ ಉತ್ತರ ಹೇಳಿ, ಮುಂದಿನ ಪ್ರಶ್ನೆಗೆ ಹಾರಿತು. ಇನ್ನೊಂದು ಹನ್ನೆರಡು ನಿಮಿಷದ ವಿಡಿಯೊ ಹಾಕಿತು. ತಪ್ಪಾಗಿದ್ದು ಒಂದು ಹೆಜ್ಜೆಯಲ್ಲಿ, ಮದ್ದು ಮಾತ್ರ ಇಡೀ ಅಧ್ಯಾಯಕ್ಕೆ! ಸುಳಿವನ್ನು ಒಂದೊಂದೇ ಮೆಟ್ಟಿಲಾಗಿ ಬಿಚ್ಚುತ್ತಾ ಹೋಗುವ ಆ್ಯಪ್‌ನಲ್ಲಿ ಮಾತ್ರ ತಂಗಿ ಎರಡನೇ ಸುಳಿವಿಗೇ "ಓ, ಎನ್ ಮೈನಸ್ ಒಂದು!" ಅಂದಳು. ಖಾನ್ ಅಕಾಡೆಮಿಯ ಅಭ್ಯಾಸಗಳು ಈ ರೀತಿಯವು. ಅದು ಲಾಭಕ್ಕಾಗಿ ನಡೆಯದ ಸಂಸ್ಥೆ, ದುಡ್ಡಿಲ್ಲ, ಜಾಹೀರಾತಿಲ್ಲ, ಕನ್ನಡದಲ್ಲೂ ಗಣಿತದ ಪಾಠಗಳಿವೆ.

ಕನ್ನಡ ಅಂದೆನಲ್ಲ, ಅಲ್ಲೇ ಇರೋದು ದೊಡ್ಡ ಗೋಜಲು. 18 ಸಾವಿರದ ಆ್ಯಪ್ ಮೇಲೆ 'ಕನ್ನಡ ಮಾಧ್ಯಮ' ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ವಿಡಿಯೊ ಹಾಕಿದರೆ "ಹೈಪಾಟೆನ್ಯೂಸ್ ಸ್ಕ್ವೇರ್ ಈಕ್ವಲ್ಸ್ ಟು ಅಂತ ಬರ್ಕೊಳ್ಳಿ, ಓಕೆ ಸ್ಟೂಡೆಂಟ್ಸ್?" ಕನ್ನಡ ಇದ್ದದ್ದು 'ಅಂತ' ಮತ್ತು 'ಬರ್ಕೊಳ್ಳಿ'ಯಲ್ಲಿ ಮಾತ್ರ. ತಂಗಿಯ ಪುಸ್ತಕದಲ್ಲಿ ಅದು ವಿಕರ್ಣ. ಕಾಮನ್ ಡಿಫರೆನ್ಸ್ ಅಂದರೆ ಸಾಮಾನ್ಯ ವ್ಯತ್ಯಾಸ, ಆ್ಯಂಗಲ್ ಆಫ್ ಎಲಿವೇಷನ್ ಅಂದರೆ ಉನ್ನತ ಕೋನ. ನಮಗೆ ನಿಮಗೆ ಇದು ಸಣ್ಣ ವಿಷಯ. ಆದರೆ ಪ್ರಶ್ನೆಪತ್ರಿಕೆಯಲ್ಲಿ 'ಉನ್ನತ ಕೋನ' ಅಂತ ಬರುವಾಗ ಹುಡುಗಿಗೆ ಕೇಳಿದ ನೆನಪಿರೋದು ಬೇರೆ ಪದ. "ಅವ್ರು ಹೇಳೂದು ಛಂದ ಐತಣ್ಣಾ, ಆದ್ರ ನಮ್ಮ ಪುಸ್ತಕದಾಗ ಅದು ಎಲ್ಲೈತಿ ಅಂತ ತಿಳೀವಲ್ದು" ಅಂದಳು. ಈ ವಿಷಯದಲ್ಲಿ ದೀಕ್ಷಾ ಗೆದ್ದಿತು. ಕೇಂದ್ರ ಸರ್ಕಾರ 2017ರಲ್ಲಿ ತಂದ ಈ ವೇದಿಕೆ ನೋಡೋಕೆ ಅಂಥಾ ಚೆಂದ ಏನಿಲ್ಲ. ಆದರೆ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದೇ ಪಾಠದ ಸಾಮಗ್ರಿ ಬರುತ್ತೆ, ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನೋಡಬಹುದು. ಫೋನು ಹಗಲೆಲ್ಲ ಕಾಕಾನ ಜೊತೆ ಗದ್ದೆಯಲ್ಲಿ ಇರುವ ಮನೆಗೆ ಇದು ಸಣ್ಣ ಅನುಕೂಲವಲ್ಲ.

ಆಮೇಲೆ ಫೋಟೊ ತೆಗೆದರೆ ಲೆಕ್ಕ ಬಿಡಿಸಿಕೊಡುವ ಆ್ಯಪ್‌ಗಳು. 2014ರಲ್ಲಿ ಕ್ರೊಯೇಷಿಯಾದಲ್ಲಿ ಶುರುವಾಗಿ ಈಗ ಗೂಗಲ್ ಕೈಲಿರುವ ಫೋಟೊಮ್ಯಾತ್ ಈ ಜಾತಿಯಲ್ಲಿ ಹೆಸರುವಾಸಿ. x² + 7x − 120 = 0 ಅಂತ ಬರೆದು ಕ್ಯಾಮೆರಾ ಹಿಡಿದರೆ ಮೆಟ್ಟಿಲು ಮೆಟ್ಟಿಲಾಗಿ 8 ಮತ್ತು −15 ಬರುತ್ತೆ. ಸಂತೋಷವೇ. ಆದರೆ ಪರೀಕ್ಷೆಯಲ್ಲಿ ಸಮೀಕರಣವನ್ನೇ ಬರೆದು ಕೊಡೋದು ಕೆಲವು ಪ್ರಶ್ನೆಗಳಲ್ಲಿ ಮಾತ್ರ. ಹೊಲದ ಉದ್ದ ಅಗಲಕ್ಕಿಂತ 7 ಮೀಟರ್ ಹೆಚ್ಚು, ವಿಸ್ತೀರ್ಣ 120 ಚದರ ಮೀಟರ್ ಅಂತಲೂ ಕೇಳ್ತಾರೆ. ತಂಗಿ ಸಿಕ್ಕಿಹಾಕಿಕೊಳ್ಳೋದು ಆ ಮಾತನ್ನು ಸಮೀಕರಣ ಮಾಡುವ ಜಾಗದಲ್ಲೇ. ಅಗಲ ಮೈನಸ್ 15 ಆಗಲಿಕ್ಕಿಲ್ಲ, ಅದನ್ನು ಬಿಡಬೇಕು ಅನ್ನೋದೂ ಅವಳೇ ಯೋಚಿಸಬೇಕಾದ ಮಾತು. ಮಾಡಿ ಮುಗಿಸಿದ ಲೆಕ್ಕ ತಾಳೆ ನೋಡೋಕೆ ಇಂಥ ಆ್ಯಪ್ ಒಳ್ಳೆಯದು. ಮಾಡೋಕೆ ಮುಂಚೆಯೇ ತೆರೆದರೆ ಅದು ಕಾಪಿ ಹೊಡೆಯೋದೇ, ಬೇರೆ ಹೆಸರು ಬೇಡ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಪ್ರಶ್ನೆಪತ್ರಿಕೆ. ಈಚಿನ ವರ್ಷಗಳ ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆ 80 ಅಂಕದ್ದು, 38 ಪ್ರಶ್ನೆ. ಅದರಲ್ಲಿ ನಾಲ್ಕು ಆಯ್ಕೆಯಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು ಬರೀ 8, ಅಂಕವೂ 8. ಮಿಕ್ಕ 72 ಅಂಕಕ್ಕೆ ಪೆನ್ನು ಹಿಡಿದು ಬರೆಯಲೇಬೇಕು. ಆರರಲ್ಲಿ ನಾಲ್ಕು ಆ್ಯಪ್‌ಗಳು ಬಂಗಾರದ ನಾಣ್ಯ, ಬ್ಯಾಡ್ಜು, ಪಟಾಕಿ ಹಾರಿಸಿ ಕಲಿಸುತ್ತಿದ್ದದ್ದು ಆ 8 ಅಂಕದ ಕಸರತ್ತನ್ನು. ತಂಗಿಯ ಹೆಸರಿನ ಮುಂದೆ ಸಂಜೆಯೊಳಗೆ 'ಗಣಿತ ಚಾಂಪಿಯನ್' ಅಂತ ಬಂತು. ಅದೇ ಸಂಜೆ, ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಅಂತ ಸಾಧಿಸು ಅಂದರೆ ಚಿತ್ರ ಬರೆದು ಸುಮ್ಮನೆ ಕೂತಳು.

ಇಲ್ಲಿ ನೆರವಿಗೆ ಬಂದದ್ದು ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕುಸ್ ಹೊಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರು ಮಾಡಿದ್ದು, ವಿದ್ಯಾರ್ಥಿಗಳಿಗೆ ಉಚಿತ. ಬಿಂದುವನ್ನು ಬೆರಳಲ್ಲಿ ಎಳೆದಾಡಿದರೆ ಎರಡೂ ಸ್ಪರ್ಶಕಗಳು ಒಟ್ಟಿಗೇ ಉದ್ದ ಆಗ್ತವೆ, ಒಟ್ಟಿಗೇ ಗಿಡ್ಡ ಆಗ್ತವೆ. ತಂಗಿ ಐದು ನಿಮಿಷ ಅದನ್ನೇ ಆಡಿದಳು. ಸಾಧನೆಯನ್ನು ಅದು ಬರೆದುಕೊಡಲ್ಲ. ಆದರೆ "ಹಂಗಾದ್ರ ಎರಡೂ ತ್ರಿಭುಜ ಒಂದೇ ನಮೂನಿ ಇರಬೇಕಲ್ಲ?" ಅನ್ನೋ ಪ್ರಶ್ನೆ ಅವಳ ಬಾಯಿಂದಲೇ ಬಂತು.

18 ಸಾವಿರದ ಕಂಪನಿಯವನು ಅಷ್ಟರಲ್ಲಿ ಮೂರು ಸಲ ಫೋನ್ ಮಾಡಿದ್ದ. "ಆಫರ್ ಇವತ್ತೇ ಲಾಸ್ಟ್ ಸರ್." ಕಂತು ಅಂದರೆ ಏನು ಅಂತ ಕೆದಕಿದಾಗ ಗೊತ್ತಾಯ್ತು, ಅದು ಕಾಕಾನ ಹೆಸರಲ್ಲಿ ಬೇರೆ ಹಣಕಾಸು ಕಂಪನಿಯಿಂದ ತೆಗೆಯುವ ಸಾಲ. ಆ್ಯಪ್ ಬೇಡ ಅನಿಸಿ ಬಿಟ್ಟರೂ ಸಾಲ ಬಿಡಲ್ಲ. ನಿಮ್ಮ ಮನೆಯವರೂ ಇಂಥದಕ್ಕೆ ಓಟಿಪಿ ಹೇಳುವ ಮೊದಲು ಆ ಒಂದು ಪ್ರಶ್ನೆ ಕೇಳಿಸಿ: ಇದು ಸಾಲವೋ, ಶುಲ್ಕವೋ? 'ಏಳು ದಿನ ಉಚಿತ' ಅನ್ನುವಲ್ಲೂ ಯುಪಿಐ ಆಟೋಪೇ ಆನ್ ಆಗಿದೆಯಾ ನೋಡಿಕೊಳ್ಳಿ.

ಕಾಕಾಗೆ ಬೇಡ ಅಂದೆ. ದೀಕ್ಷಾ, ಖಾನ್ ಅಕಾಡೆಮಿ, ಜಿಯೋಜೀಬ್ರಾ ಮೂರನ್ನು ಉಳಿಸಿ ಮಿಕ್ಕಿದ್ದನ್ನು ತೆಗೆದೆ. ಪರೀಕ್ಷಾ ಮಂಡಳಿಯ ಜಾಲತಾಣದಿಂದ ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಉತ್ತರ ಇಳಿಸಿ ಮಾನ್ವಿಯಲ್ಲಿ ಪ್ರಿಂಟ್ ಹಾಕಿಸಿದೆ. 200 ಪುಟದ ಮೂರು ನೋಟ್‌ಬುಕ್ ಕೊಡಿಸಿದೆ. ಒಪ್ಪಂದ ಇಷ್ಟೇ: ದಿನಾ ರಾತ್ರಿ ಮೂರು ಲೆಕ್ಕ ಪೂರ್ತಿ ಬರೆದು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಬೇಕು, ತಪ್ಪಿದ ಸಾಲಿಗೆ ನಾನು ಕೆಂಪು ಸುತ್ತು ಹಾಕಬೇಕು. ಯಾಕೆ ತಪ್ಪು ಅಂತ ಹೇಳಬಾರದು. ಮೊದಲ ವಾರ ನನಗೇ ಕಷ್ಟ ಆಯ್ತು. ಆಫೀಸ್ ಕಾಲ್ ಮಧ್ಯೆ ವರ್ಗ ಸಮೀಕರಣ, ನನಗೂ ಅರ್ಧ ಮರೆತುಹೋಗಿತ್ತು.

ಮುಂದಿನ ಟೆಸ್ಟಲ್ಲಿ 80ಕ್ಕೆ 33 ಬಂತು. ಮೊನ್ನೆ ರಾತ್ರಿ ಫೋಟೊ ಜೊತೆ ಒಂದು ವಾಯ್ಸ್ ಮೆಸೇಜೂ ಇತ್ತು: "ಅಣ್ಣಾ, ಎರಡನೇ ಲೆಕ್ಕದಾಗ ಮೈನಸ್ ತಪ್ಪಿತ್ತು, ನಾನಾ ಸುತ್ತು ಹಾಕೀನಿ. ನೀ ಮೂರನೇದ್ದಷ್ಟ ನೋಡು."