ಹಳೇ ಬೋಟು ಒಡೆಯುವ ಕೆಲಸಕ್ಕೆ ಹೋಗುವ ಮುಂಚೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ನಮಗೆ ಸಮುದ್ರವಿಲ್ಲ. ಆದರೂ ಹಡಗಿಗೂ ನಮಗೂ ಹಳೆಯ ನಂಟು. ಬ್ರಿಟಿಷರ ಕಾಲದಲ್ಲಿ ನಮ್ಮ ಕಾಡಿನ ತೇಗ ಹಡಗು ಕಟ್ಟಲು ಹೋಗುತ್ತಿತ್ತು. ಈಗ ನಮ್ಮ ಹುಡುಗರೇ ಕೂಲಿಗಾಗಿ ಘಟ್ಟ ಇಳಿದು ಕಾರವಾರ, ಗೋವಾ, ಮಂಗಳೂರು ಅಂತ ಹೋಗ್ತಾರೆ. ಗ್ಯಾಸ್ ಕಟಿಂಗ್ ಕಲಿತವನಿಗೆ ಗುಜರಿಗೆ ಬಿದ್ದ ಕಬ್ಬಿಣದ ಮೀನುಗಾರಿಕೆ ಬೋಟು ಒಡೆಯುವ ಕೆಲಸವೂ ಸಿಗಬಹುದು. ಹತ್ತುವ ಮುಂಚೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ತಿಳಿದಿರಬೇಕು.

ದೊಡ್ಡ ಹಡಗುಗಳನ್ನು ಒಡೆಯುವ ಜಾಗ ಗುಜರಾತಿನ ಅಲಂಗ್. ಅಲ್ಲಿ 1983ರಿಂದ ಈ ಕೆಲಸ ನಡೆದಿದೆ. ಒಡೆಯಲು ಬರುವ ಹಡಗು ವಿಷವಸ್ತು ತೆಗೆಸಿಕೊಂಡೇ ಬರಬೇಕು ಎಂದು ಸುಪ್ರೀಂ ಕೋರ್ಟು 2003ರಲ್ಲಿ ಹೇಳಿತು. 2019ರಲ್ಲಿ ಕೇಂದ್ರದ ಕಾಯಿದೆ ಬಂತು. 2025ರ ಜೂನ್ 26ರಿಂದ ಹಾಂಗ್‌ಕಾಂಗ್ ಒಪ್ಪಂದವೂ ಜಾರಿಯಲ್ಲಿದೆ. ಯಾವ ವಿಷ ಎಲ್ಲಿದೆ ಎಂಬ ಪಟ್ಟಿ ಹಡಗಿನಲ್ಲೇ ಇರಬೇಕು. ಆದರೆ ಈ ಒಪ್ಪಂದ 500 ಗ್ರಾಸ್ ಟನ್ನೇಜಿಗಿಂತ ಚಿಕ್ಕ ಹಡಗಿಗೆ ಅನ್ವಯಿಸುವುದಿಲ್ಲ. ನಮ್ಮ ಕರಾವಳಿಯ ಟ್ರಾಲ್ ಬೋಟುಗಳು ಅದಕ್ಕಿಂತ ಎಷ್ಟೋ ಚಿಕ್ಕವು. ಬೋಟು ಚಿಕ್ಕದಾದರೆ ಅಪಾಯವೂ ಚಿಕ್ಕದೇ?

ಡೀಸೆಲ್ ಟಾಂಕಿಯನ್ನೇ ನೋಡಿ. "ಖಾಲಿ ಇದೆ, ಕೊಯ್ಯಿ" ಅಂತಾರೆ. ತುಂಬಿದ ಟಾಂಕಿಗಿಂತ ಖಾಲಿ ಟಾಂಕಿಯೇ ಹೆಚ್ಚು ಅಪಾಯ. ತಳದಲ್ಲಿ ಉಳಿದ ಡೀಸೆಲ್ ಬೆಂಕಿಯ ಬಿಸಿಗೆ ಆವಿಯಾಗಿ ಗಾಳಿಯೊಂದಿಗೆ ಬೆರೆತು ಸಿಡಿಯುತ್ತದೆ. ಮೀನು ತುಂಬುವ ಕೋಣೆ ಇನ್ನೂ ಮೋಸದ್ದು. ಐಸ್ ಕರಗದಿರಲೆಂದು ಅದರ ಗೋಡೆಯೊಳಗೆ ಫೋಮ್ ತುಂಬಿರುತ್ತಾರೆ. ಹೊರಗಿನಿಂದ ಕೊಯ್ದರೆ ಒಳಗೆ ಕಾಣದಂತೆ ಹೊತ್ತಿಕೊಳ್ಳುತ್ತದೆ. ಅದರ ಹೊಗೆಯಲ್ಲಿ ಸಯನೈಡ್ ವಿಷವೂ ಇರಬಹುದು.

ಮೀನು ಕೊಳೆತ ನೀರಿನಿಂದ ಬರುವ ಅನಿಲಕ್ಕೆ ಮೊದಲು ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯ್ತು, ಇನ್ನೇನೂ ಇಲ್ಲ ಅಂತ ಇಳಿದವನು ಮೇಲೆ ಬರುವುದಿಲ್ಲ. ಬಹಳ ದಿನ ಮುಚ್ಚಿಟ್ಟ ಕೋಣೆಯಲ್ಲಿ ತುಕ್ಕು ಹಿಡಿಯುವ ಕಬ್ಬಿಣವೇ ಆಮ್ಲಜನಕ ಎಳೆದುಕೊಂಡಿರುತ್ತದೆ. ಒಬ್ಬ ಬಿದ್ದ ಕೂಡಲೇ ಎತ್ತಲು ಇನ್ನೊಬ್ಬ ಇಳೀತಾನೆ, ಅವನ ಹಿಂದೆ ಮತ್ತೊಬ್ಬ. ಹೀಗೆ ಒಂದರ ಬದಲು ಮೂರು ಹೆಣ ಬರುತ್ತವೆ. ಹೊರಗಿನ ಗಾಳಿಯನ್ನು ಬ್ಲೋವರ್‌ನಿಂದ ಒಳಗೆ ಬಿಡಬೇಕು, ಗ್ಯಾಸ್ ಅಳೆಯುವ ಯಂತ್ರದಿಂದ ನೋಡಬೇಕು. ಸಿಲಿಂಡರಿನ ಆಕ್ಸಿಜನ್ ಬಿಟ್ಟು ಒಳಗೆ ಹಗುರ ಮಾಡ್ತೇವೆ ಅನ್ನುವವರಿದ್ದರೆ ಕೇಳಬೇಡಿ. ಒಂದು ಕಿಡಿ ಬಿದ್ದರೆ ಮೈಮೇಲಿನ ಬಟ್ಟೆಯೇ ಭಗ್ಗನೆ ಉರಿಯುತ್ತದೆ.

ಮನೆಯ ತಾಯಂದಿರೂ ಒಂದು ಮಾತು ಗಮನಿಸಬೇಕು. ಸತು ಬಳಿದ ಪೈಪು ಕೊಯ್ದ ದಿನ ರಾತ್ರಿ ಚಳಿಜ್ವರ ಬರುತ್ತದೆ, ಮಲೇರಿಯಾದ ಹಾಗೆ. ಹಳೇ ಬಣ್ಣದ ಸೀಸ ಮಾತ್ರ ಸದ್ದಿಲ್ಲದೆ ರಕ್ತ ಸೇರುತ್ತದೆ. ಡಾಕ್ಟರಿಗೆ ಬರೀ ಜ್ವರ ಅನ್ನದೆ, ಮಾಡಿದ ಕೆಲಸವನ್ನೂ ಹೇಳಿ.

ಕೆಲಸದಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕೆಂಬುದು 1923ರ ಕಾಯಿದೆಯಿಂದ ಬಂದ ಹಕ್ಕು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಗುತ್ತಿಗೆದಾರನ ಹೆಸರು, ಫೋನ್ ನಂಬರು, ಕೂಲಿ ಪಡೆದ ಲೆಕ್ಕ ಮನೆಯಲ್ಲೂ ಬರೆದಿಡಿ. ಅರ್ಜಿಗೆ ಎರಡು ವರ್ಷದ ಅವಧಿ ಇದೆ. ಅಪಘಾತ ಗೋವಾದಲ್ಲಾಗಲಿ ಗುಜರಾತಿನಲ್ಲಾಗಲಿ, ಕಾರ್ಮಿಕ ಅಥವಾ ಅವನ ಮನೆಯವರು ವಾಸವಿರುವ ಪ್ರದೇಶದ ಅಧಿಕಾರಿಯ ಮುಂದೆಯೇ ಅರ್ಜಿ ಹಾಕಬಹುದು.